ಮನೆ ಆರೈಕೆಯ ಗುಣಮಟ್ಟ ನೋಡಲು ಹೋದಾಗ ನಾನು ಏನನ್ನು ನೋಡುತ್ತೇನೆ

ಹಿರಿಯರಿಗೆ ಮನೆಯಲ್ಲೇ ಆರೈಕೆ ಒದಗಿಸುವ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಗುಣಮಟ್ಟ ಪರಿಶೀಲನೆ ನನ್ನ ಕೆಲಸ. ಸಂಸ್ಥೆಯ ಹೋಂ ನರ್ಸ್ ಅಥವಾ ಅಟೆಂಡರ್ ಇರುವ ಮನೆಗಳಿಗೆ ಹೋಗಿ, ನಡೆಯಬೇಕಾದ ಆರೈಕೆ ನಡೆಯುತ್ತಿದೆಯೇ ಎಂದು ನೋಡಿ ವರದಿ ಕೊಡಬೇಕು. ಮನೆಯವರು ಆ್ಯಪಿನಲ್ಲಿ ಕೊಡುವ ಅಂಕಗಳನ್ನೂ ಪಾಳಿಯ ರಿಜಿಸ್ಟರನ್ನೂ ನಾನು ತಪ್ಪದೆ ಓದುತ್ತೇನೆ. ಆದರೆ ಅವೆರಡಕ್ಕಿಂತ, ಆಮೇಲೆ ಕೂತು ಬರೆದು ತುಂಬಿಸಲಾಗದ ಸಂಗತಿಗಳನ್ನೇ ಹೆಚ್ಚು ನಂಬಬೇಕು ಎನ್ನುವುದು ಈ ಕೆಲಸ ನನಗೆ ಕಲಿಸಿದ ಪಾಠ.

ಹೊರಗಿನಿಂದ ಬಂದು ಈ ಸೇವೆಯನ್ನು ಅಳೆಯುವವರು ನಮ್ಮಲ್ಲಿ ಕಡಿಮೆ. ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಎಂಬ ನಿಯಂತ್ರಣ ಸಂಸ್ಥೆ ಮನೆ ಆರೈಕೆಯ ಏಜೆನ್ಸಿಗಳನ್ನೂ ಪರಿಶೀಲಿಸಿ, ಸೇವೆ ಸುರಕ್ಷಿತವೇ, ಪರಿಣಾಮಕಾರಿಯೇ, ಅಕ್ಕರೆಯಿಂದ ಕೂಡಿದೆಯೇ, ಅಗತ್ಯಕ್ಕೆ ಸ್ಪಂದಿಸುತ್ತದೆಯೇ, ಆಡಳಿತ ಚೆನ್ನಾಗಿದೆಯೇ ಎಂಬ ಐದು ಪ್ರಶ್ನೆಗಳ ಮೇಲೆ ದರ್ಜೆ ನೀಡಿ ಪ್ರಕಟಿಸುತ್ತದೆ. ನಮ್ಮಲ್ಲಿ, ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗೆ ಸಂಬಂಧಿಸಿದ 2007ರ ಕಾಯ್ದೆಗೆ ತಿದ್ದುಪಡಿ ತರಲು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯಲ್ಲಿ ಮನೆ ಆರೈಕೆ ಸಂಸ್ಥೆಗಳ ನೋಂದಣಿ ಮತ್ತು ಕನಿಷ್ಠ ಮಾನದಂಡಗಳ ಪ್ರಸ್ತಾಪವಿತ್ತು. ಮಸೂದೆ ಅಂಗೀಕಾರವಾಗದೆ ಉಳಿಯಿತು. ಹಾಗಾಗಿ ಸದ್ಯಕ್ಕೆ ಗುಣಮಟ್ಟ ಎನ್ನುವುದು ಬಹುಮಟ್ಟಿಗೆ ಆಯಾ ಸಂಸ್ಥೆ ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು.

ಆರೋಗ್ಯ ಸೇವೆಯ ಗುಣಮಟ್ಟವನ್ನು ವ್ಯವಸ್ಥೆ, ಪ್ರಕ್ರಿಯೆ, ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದು ವೈದ್ಯ ಹಾಗೂ ಸಂಶೋಧಕ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಬರೆದರು. ವ್ಯವಸ್ಥೆಯನ್ನು ಪರಿಶೀಲಿಸುವುದು ಸುಲಭ: ತರಬೇತಿಯ ಪ್ರಮಾಣಪತ್ರ, ಪೊಲೀಸ್ ವೆರಿಫಿಕೇಶನ್, ಗುರುತಿನ ಚೀಟಿ ಎಲ್ಲವೂ ಒಂದು ಫೈಲಿನಲ್ಲಿ ಸಿಗುತ್ತವೆ. ಫಲಿತಾಂಶವನ್ನು ಅಳೆಯುವುದು ನಮ್ಮ ಕ್ಷೇತ್ರದಲ್ಲಿ ಕಷ್ಟ, ಏಕೆಂದರೆ ಮರೆವಿನ ಕಾಯಿಲೆಯಿರುವ ತೊಂಬತ್ತರ ಹಿರಿಯರು ಎಷ್ಟೇ ಒಳ್ಳೆಯ ಆರೈಕೆಯಲ್ಲಿದ್ದರೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಲೇ ಹೋಗಬಹುದು. ಉಳಿಯುವುದು ಪ್ರಕ್ರಿಯೆ, ಅಂದರೆ ದಿನದಿನದ ಕೆಲಸ ನಿಜವಾಗಿ ಹೇಗೆ ನಡೆಯುತ್ತಿದೆ ಎಂಬುದು. ಅದು ನಡೆಯುವುದು ಮುಚ್ಚಿದ ಬಾಗಿಲಿನ ಹಿಂದೆ.

ಹಾಸಿಗೆ ಹಿಡಿದವರ ಮನೆಯಲ್ಲಿ ನನಗೆ ಮೊದಲು ತೋರಿಸುವುದು ಮಗ್ಗುಲು ಬದಲಿಸಿದ ಪಟ್ಟಿ. ಎಂಟು, ಹತ್ತು, ಹನ್ನೆರಡು ಎಂದು ಎರಡೆರಡು ಗಂಟೆಗೆ ಸರಿಯಾಗಿ, ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಬಿದ್ದ ಸಹಿಗಳನ್ನು ಕಂಡರೆ ನನಗೆ ಸಮಾಧಾನಕ್ಕಿಂತ ಅನುಮಾನವೇ ಹೆಚ್ಚು. ನಿಜವಾಗಿ ಕೆಲಸ ಮಾಡಿದವರ ಪಟ್ಟಿಯಲ್ಲಿ 10.20, 12.45 ಇರುತ್ತದೆ, ಊಟ ಮಾಡಿಸುತ್ತಿದ್ದೆ ಎಂಬ ಟಿಪ್ಪಣಿ ಇರುತ್ತದೆ. ಪಟ್ಟಿಯನ್ನು ಬದಿಗಿಟ್ಟು, ಹಿರಿಯರ ಅನುಮತಿ ಕೇಳಿ, ಬೆನ್ನಿನ ಕೆಳಗಿನ ಮೂಳೆಯ ಜಾಗ, ಸೊಂಟದ ಬದಿ ಮತ್ತು ಹಿಮ್ಮಡಿ ನೋಡುತ್ತೇನೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಚರ್ಮ ಬೆಳ್ಳಗಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ನಮ್ಮ ಕಪ್ಪು, ಗೋಧಿ ಮೈಬಣ್ಣಗಳಲ್ಲಿ ಈ ಕೆಂಪು ಅನೇಕ ವೇಳೆ ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ, ಪಕ್ಕದ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ಇದನ್ನು ತರಬೇತಿಯಲ್ಲಿ ಬಿಳಿ ಚರ್ಮದ ಚಿತ್ರ ತೋರಿಸಿ ಕಲಿಸಿದರೆ ಪ್ರಯೋಜನವಿಲ್ಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತರಿಸಿದ್ದಾರೆಯೇ, ಬೆನ್ನಿನ ಕೆಳಗೆ ಬೆಡ್‌ಶೀಟು ಮುದುಡಿದೆಯೇ ಎಂಬುದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಬ್ರೇಡನ್ ಮಾಪಕದ ಅಂಕವಂತೂ ಪ್ರತಿ ಫೈಲಿನಲ್ಲೂ ಇರುತ್ತದೆ. ಅದರಲ್ಲಿ 23ಕ್ಕೆ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣಾಗುವ ಅಪಾಯವಿದೆ ಎಂದರ್ಥ; ನಾನು ನೋಡುವುದು ಹಿರಿಯರು ಆಸ್ಪತ್ರೆಗೆ ಸೇರಿ ಮರಳಿದ ಮೇಲೆ ಅದನ್ನು ಯಾರಾದರೂ ಮತ್ತೆ ಹಾಕಿದ್ದಾರೆಯೇ ಎಂದು.

ಹಿರಿಯರನ್ನೇ ಕೇಳಿದರಾಯಿತಲ್ಲ ಎಂದು ಹೊಸದಾಗಿ ಸೇರಿದ ಸಹೋದ್ಯೋಗಿಗಳು ಹೇಳುವುದುಂಟು. ಕೇಳಬೇಕು, ಆದರೆ ಹೇಗೆ ಕೇಳುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಾಳೆ ಬೆಳಿಗ್ಗೆ ಸ್ನಾನ ಮಾಡಿಸಬೇಕಾದವಳು ಪಕ್ಕದಲ್ಲೇ ನಿಂತಿರುವಾಗ "ಚೆನ್ನಾಗಿ ನೋಡಿಕೊಳ್ಳುತ್ತಾರಾ ಅಮ್ಮ?" ಎಂದು ಕೇಳಿದರೆ "ಹ್ಞೂಂ, ಏನೂ ತೊಂದರೆ ಇಲ್ಲ" ಎಂಬುದಲ್ಲದೆ ಬೇರೆ ಉತ್ತರ ಬರುವುದಿಲ್ಲ. ನಾನು ಹಿರಿಯರೊಬ್ಬರೇ ಇರುವಾಗ ನಿರ್ದಿಷ್ಟವಾದುದನ್ನು ಕೇಳುತ್ತೇನೆ. ಜಯನಗರದ ಕಡೆಯ ಒಂದು ಮನೆಯಲ್ಲಿ, ರಾತ್ರಿ ಎದ್ದು ಬಾತ್‌ರೂಮಿಗೆ ಹೋಗಬೇಕೆನಿಸಿದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಅಜ್ಜಿ ಹೇಳಿದ್ದು ಇಷ್ಟು: "ಆ ಹುಡುಗಿ ಪಾಪ ದಿನಾ ಪೂರ್ತಿ ದುಡಿದು ಮಲಗಿರುತ್ತೆ, ಎಬ್ಬಿಸೋದು ಯಾಕೆ ಅಂತ ಸಂಜೆ ಆರರ ಮೇಲೆ ನಾನು ನೀರೇ ಕುಡಿಯಲ್ಲ ಕಣಮ್ಮ." ಆ ಮನೆಯವರು ಪ್ರತಿ ತಿಂಗಳೂ ಐದಕ್ಕೆ ಐದು ಅಂಕ ಕೊಡುತ್ತಿದ್ದರು. ಹುಡುಗಿಯೂ ಒಳ್ಳೆಯವಳೇ. ಆದರೂ ಅಜ್ಜಿಗೆ ಮತ್ತೆ ಮತ್ತೆ ಮೂತ್ರದ ಸೋಂಕು ಆಗುತ್ತಿತ್ತು, ನಾಲಿಗೆ ಒಣಗಿತ್ತು, ಯಾರಿಗೂ ಕಾರಣ ಹೊಳೆದಿರಲಿಲ್ಲ. ಮಂಚದ ಪಕ್ಕ ಕಮೋಡ್ ಕುರ್ಚಿ ಇಟ್ಟು, ಒಂದು ಕರೆಗಂಟೆ ಕೊಟ್ಟು, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಬೆಳಗಿನ ಹೊತ್ತಿಗೆ ಬದಲಾಯಿಸಿದೆವು.

ಇಲ್ಲಿ ನಾನು ಗಟ್ಟಿಯಾಗಿ ನಂಬಿರುವ, ಸಂಸ್ಥೆಗಳೂ ಕುಟುಂಬಗಳೂ ಅಷ್ಟಾಗಿ ಒಪ್ಪದ ಮಾತೊಂದಿದೆ. ಇಪ್ಪತ್ತನಾಲ್ಕು ಗಂಟೆಯ ಡ್ಯೂಟಿ ಎಂದು ನಾವು ಮಾರುವ ಸೇವೆಯಲ್ಲಿ ಇಪ್ಪತ್ತನಾಲ್ಕು ಗಂಟೆಯ ಆರೈಕೆ ಇರುವುದಿಲ್ಲ; ಅಷ್ಟು ಹೊತ್ತು ಒಂದೇ ಮನೆಯಲ್ಲಿರುವ, ನಿದ್ದೆ ಬೇಕಾದ ಒಬ್ಬ ಮನುಷ್ಯೆ ಇರುತ್ತಾಳೆ. ಆದ್ದರಿಂದ ಆರೈಕೆ ಮಾಡುವವಳು ಎಲ್ಲಿ ಮಲಗುತ್ತಾಳೆ, ಊಟ ಎಷ್ಟು ಹೊತ್ತಿಗೆ, ವಾರದ ರಜೆಯಲ್ಲಿ ಬದಲಿಗೆ ಯಾರು ಬರುತ್ತಾರೆ, ಆ ಬದಲಿಯವರಿಗೆ ಯಾರು ಏನು ಹೇಳಿ ಹೋಗುತ್ತಾರೆ ಎಂಬುದನ್ನು ನಾನು ಹಿರಿಯರ ಆರೈಕೆಯ ಅಂಗವಾಗಿಯೇ ಬರೆಯುತ್ತೇನೆ. ಭಾಷೆಯೂ ಇದರಲ್ಲಿ ಸೇರುತ್ತದೆ. ನಮ್ಮ ಸಿಬ್ಬಂದಿಯಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯವರು ಬಹಳ ಮಂದಿ, ದುಡಿಮೆಯಲ್ಲಿ ಅವರನ್ನು ದೂರುವಂತಿಲ್ಲ. ಆದರೆ ಡಿಮೆನ್ಷಿಯಾ ಮುಂದುವರಿದಂತೆ ಆಮೇಲೆ ಕಲಿತ ಇಂಗ್ಲಿಷು, ಹಿಂದಿ ಜಾರಿ ತಾಯ್ನುಡಿಯಷ್ಟೇ ಉಳಿಯುವ ಹಿರಿಯರು "ಒಂದಕ್ಕೆ ಹೋಗಬೇಕು" ಎಂದದ್ದು ತಿಳಿಯದೆ ಹೋದರೆ, ಇನ್ನೂ ನಡೆಯಬಲ್ಲವರಿಗೆ ಡೈಪರ್ ಕಟ್ಟುವ ಕಾಲ ಬೇಗ ಬಂದುಬಿಡುತ್ತದೆ.

ಔಷಧಿಯ ವಿಷಯದಲ್ಲಿ ಬಾಯಿಮಾತಿಗಿಂತ ಡಬ್ಬಿಯೇ ಸಾಕ್ಷಿ. ಡಿಸ್ಚಾರ್ಜ್ ಸಮ್ಮರಿಯನ್ನೂ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ ಮೇಜಿನ ಮೇಲೆ ಹರಡಿ, ಬ್ರ್ಯಾಂಡ್ ಹೆಸರನ್ನು ಬಿಟ್ಟು ಔಷಧದ ಹೆಸರನ್ನು ಓದುತ್ತಾ ಹೋದರೆ, ಆಸ್ಪತ್ರೆಯವರು ಬರೆದ ಆಮ್ಲೋಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆ ಒಂದು ಹೆಸರಿನಲ್ಲಿ, ಮೊದಲಿನಿಂದ ನುಂಗುತ್ತಿದ್ದ ಅದೇ ಆಮ್ಲೋಡಿಪಿನ್ ಇನ್ನೊಂದು ಹೆಸರಿನಲ್ಲಿ, ಎರಡೂ ದಿನವೂ ಹೊಟ್ಟೆ ಸೇರುತ್ತಿರುವುದು ಪತ್ತೆಯಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ, ಶುಗರ್ 70ಕ್ಕಿಂತ ಕೆಳಗೆ ಬಂದರೆ ಏನು ಮಾಡುತ್ತೀರಿ ಎಂದು ಕೇಳುವುದರ ಜೊತೆಗೆ ಸಕ್ಕರೆ ಡಬ್ಬಿ ತಂದು ತೋರಿಸಿ ಎನ್ನುತ್ತೇನೆ. ಡಬ್ಬಿ ಎಲ್ಲಿದೆ ಎಂದು ಹುಡುಕಾಡುವವರಿಗೆ ಉತ್ತರ ಬಾಯಿಪಾಠವಾಗಿದೆ, ಅಷ್ಟೆ.

ವಿದೇಶದಲ್ಲಿರುವ ಮಕ್ಕಳು ಹಾಲ್‌ನಲ್ಲಿ ಹಾಕಿಸುವ ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರೈಕೆಯವಳು ಮನೆಯಲ್ಲಿದ್ದಾಳೆ ಎಂದು ಅದರಿಂದ ತಿಳಿಯುತ್ತದೆ. ಮಲಗುವ ಕೋಣೆಗೂ ಅದನ್ನು ತಂದು, ತಾಯಿಯ ಬಟ್ಟೆ ಬದಲಿಸುವುದು ಫೋನಿನಲ್ಲಿ ಕಾಣುವಂತೆ ಮಾಡಿದವರಿಗೆ ಮಾತ್ರ ಖಂಡಿತವಾಗಿ ತೆಗೆಸಿ ಎಂದು ಹೇಳುತ್ತೇನೆ.

ಕೊನೆಯದಾಗಿ, ಬಿದ್ದ ಪ್ರಕರಣಗಳು. ಹಿರಿಯರು ಒಬ್ಬರೂ ಬಿದ್ದಿಲ್ಲ ಎಂದು ತಿಂಗಳುಗಟ್ಟಲೆ ಶೂನ್ಯ ತೋರಿಸುವ ವರದಿಯನ್ನು ನಾನು ನಂಬುವುದಿಲ್ಲ. ಬಿದ್ದದ್ದನ್ನು ಹೇಳಿದವರ ಸಂಬಳ ಹಿಡಿಯುವ, ಇಲ್ಲವೇ ಮರುದಿನವೇ ಮನೆ ಬದಲಾಯಿಸುವ ಕಡೆ, ಬಿದ್ದದ್ದು ಹೊರಗೆ ಬರುವುದು ಮೂಳೆ ಮುರಿದಾಗ ಮಾತ್ರ. ಬಿದ್ದದ್ದಕ್ಕಿಂತ, ಬಿದ್ದ ಮೇಲೆ ಯಾರಾದರೂ ಕಾರಣ ಹುಡುಕಿದರೇ ಎಂಬುದನ್ನು ನೋಡಬೇಕು: ಮಲಗಿದ್ದಾಗಿನ ಮತ್ತು ಎದ್ದು ನಿಂತ ಮೂರು ನಿಮಿಷದೊಳಗಿನ ರಕ್ತದೊತ್ತಡ ತೆಗೆದರೇ, ಮೇಲಿನ ಅಂಕ 20ರಷ್ಟು ಇಳಿದಿತ್ತೇ, ರಾತ್ರಿ ದೀಪವಿತ್ತೇ, ಚಪ್ಪಲಿ ಸವೆದಿತ್ತೇ. ಬಿದ್ದದ್ದನ್ನು ತಿಳಿಸಿದವರ ಸಂಬಳ ಕಡಿತಗೊಳಿಸುವುದಿಲ್ಲ ಎಂದು ನಮ್ಮ ಸಂಸ್ಥೆ ಲಿಖಿತವಾಗಿ ಆದೇಶ ಹೊರಡಿಸಿದ ಮೇಲೆ ಇಂತಹ ವರದಿಗಳ ಸಂಖ್ಯೆ ಏರಿತು, ಆಡಳಿತದವರು ಗಾಬರಿಯಾಗಿ ನನ್ನನ್ನು ಕರೆಸಿ ಗುಣಮಟ್ಟ ಏಕೆ ಕುಸಿಯುತ್ತಿದೆ ಎಂದು ಕೇಳಿದರು. ಆ ತ್ರೈಮಾಸಿಕ ವರದಿಯಲ್ಲಿ ನಾನು ಅದನ್ನು ಸುಧಾರಣೆಯ ಕಾಲಂನಲ್ಲೇ ಬರೆದೆ.