ಮಾಗಡಿ ಕೆರೆ ಏರಿ ಮೇಲೆ ಗಣಿತದ ಪಾಠ

ಗದಗ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಐದರಿಂದ ಏಳನೇ ತರಗತಿಯವರಿಗೆ ಗಣಿತ, ವಿಜ್ಞಾನ ಕಲಿಸುತ್ತೇನೆ. ಚಳಿಗಾಲ ಬಂತೆಂದರೆ ಮಕ್ಕಳನ್ನು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಬೆಂಗಳೂರಿನ ಪಕ್ಕದ ಕೆಂಪೇಗೌಡರ ಮಾಗಡಿ ಅಲ್ಲ, ಗದಗದಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯ ಮಾಗಡಿ. ಸುಮಾರು 130 ಎಕರೆಯ ಕೆರೆ, ಅದಕ್ಕೊಂದು ಏರಿ, ಸುತ್ತ ಹೊಲ. ಅಷ್ಟೇ. "ಅಷ್ಟಕ್ಕ ಎರಡ್ಮೂರು ತಾಸು ಹುಡುಗರನ್ನ ಹೆಂಗ ಕುಂದರಸ್ತೀರಿ ಅಕ್ಕೋರ?" ಎಂದು ಬೇರೆ ಶಾಲೆಯ ಶಿಕ್ಷಕರು ಕೇಳುತ್ತಿರುತ್ತಾರೆ.

ನಾನು ಕಂಡುಕೊಂಡ ಉಪಾಯ ಒಂದೇ: ಅವರಿಗೆ "ಸುಮ್ಮನಿರ್ರಿ" ಅನ್ನಬಾರದು, "ಎಣಸ್ರಿ" ಅನ್ನಬೇಕು. ಸುಮ್ಮನಿರಿ ಎಂದಷ್ಟೂ ಪಿಸುಮಾತು, ಪಿಸುಮಾತಿಗೆ ನಗು, ನಗುವಿಗೆ ನನ್ನ ಗದರಿಕೆ. ಕೊನೆಗೆ ಎಲ್ಲರಿಗಿಂತ ದೊಡ್ಡ ಗದ್ದಲ ನನ್ನದೇ ಆಗಿರುತ್ತದೆ. ಎಣಿಸಲು ಕೊಟ್ಟರೆ ಹಾಗಲ್ಲ. ಪಕ್ಕದವನು ಬಾಯಿಬಿಟ್ಟರೆ ಲೆಕ್ಕ ತಪ್ಪುತ್ತದೆ, ಅವನ ಬಾಯನ್ನು ಅವರೇ ಮುಚ್ಚಿಸುತ್ತಾರೆ.

ಎಣಿಸುವುದಕ್ಕೆ ಅಲ್ಲಿ ಬೇಕಾದಷ್ಟಿದೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಹಿಮಾಲಯ ದಾಟಿ ದಕ್ಷಿಣಕ್ಕೆ ಬರುತ್ತವೆ. ದಕ್ಷಿಣ ಭಾರತದಲ್ಲಿ ಅವು ದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗಗಳಲ್ಲಿ ಮಾಗಡಿಯೂ ಒಂದು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಒಮ್ಮೆ ಗುರುತು ಹಿಡಿದ ಮಗು ಮತ್ತೆ ಮರೆಯುವುದಿಲ್ಲ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆಗೆ. ಅದಕ್ಕೂ ಮೊದಲು ಆ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಇದ್ದದ್ದು ರಂಗನತಿಟ್ಟು ಒಂದೇ. ಮಕ್ಕಳಿಗೆ ಇದನ್ನು ನಾನು ಹೋಗುವ ಮುಂಚೆ ಹೇಳುವುದಿಲ್ಲ. ಹೇಳಿದರೆ ಏರಿ ಹತ್ತುವಾಗಲೇ ಅದು ಪರೀಕ್ಷೆಗೆ ಬರುತ್ತದೋ ಇಲ್ಲವೋ ಎಂಬ ಚರ್ಚೆ ಶುರುವಾಗುತ್ತದೆ.

ಬೇಗ ಹೋಗುತ್ತೇವೆ. ಹೆಬ್ಬಾತುಗಳು ರಾತ್ರಿ, ನಸುಕಿನಲ್ಲಿ ಹೊಲಗಳಲ್ಲಿ ಮೇಯ್ದು, ಬಿಸಿಲೇರುವ ಹೊತ್ತಿಗೆ ಕೆರೆಗೆ ಮರಳಿ ನೀರಿನಲ್ಲಿ ವಿಶ್ರಮಿಸುತ್ತವೆ. ಹಾಗಾಗಿ ನಾವು ಮುಟ್ಟಿದಾಗ ಕೆರೆ ಅರೆಬರೆ ಖಾಲಿ. "ಅಕ್ಕೋರ, ಬರೇ ನೀರ ಐತಲ್ರೀ!" ಎಂಬ ದೂರು ಪ್ರತಿ ತಂಡದಿಂದಲೂ ಬರುತ್ತದೆ. ಆ ಹೊತ್ತನ್ನು ನಾಮದ ಕೋಳಿಗೆ ಮೀಸಲಿಟ್ಟಿದ್ದೇನೆ. ಕಪ್ಪು ಮೈ, ಹಣೆಗೆ ಬಿಳಿ ನಾಮ, ಮುಳುಗುವುದು, ಏಳುವುದು. ಕಲಿಯುವವರಿಗೆ ಹೇಳಿ ಮಾಡಿಸಿದ ಹಕ್ಕಿ: ಹತ್ತಿರ ಇರುತ್ತದೆ, ಬಿಡಿಬಿಡಿಯಾಗಿರುತ್ತದೆ, ಒಂದೊಂದಾಗಿ ಎಣಿಸಬಹುದು. ಅಷ್ಟರಲ್ಲಿ ಆಕಾಶದಿಂದ ಕೂಗು ಕೇಳಿಸುತ್ತದೆ. ಸಾಲು ಸಾಲಾಗಿ ಬಂದು, ಕೆರೆಯ ಮೇಲೊಂದು ಸುತ್ತು ಹೊಡೆದು, ಕಾಲು ಮುಂದೆ ಚಾಚಿ ಇಳಿಯುತ್ತವೆ. ನೋಡನೋಡುತ್ತಾ ನೂರು ಹೋಗಿ ಸಾವಿರವಾಗುತ್ತದೆ, ಒಂದೊಂದಾಗಿ ಎಣಿಸುವ ಆಟ ಅಲ್ಲಿಗೆ ಮುಗಿಯುತ್ತದೆ.

ನಿಜವಾದ ಗಣಿತ ಇಲ್ಲಿಂದ. ಕೈ ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಗುಂಪಿನ ಮೇಲೆ ಹೆಬ್ಬೆರಳು ಹಿಡಿಯಬೇಕು. ಬೆರಳು ಮುಚ್ಚಿದ ಜಾಗದಲ್ಲಿ ಎಷ್ಟು ಹಕ್ಕಿ ಇದ್ದವೆಂದು, ಬೆರಳು ತೆಗೆದು ಎಣಿಸಬೇಕು. ಇಡೀ ಗುಂಪು ಅಂಥ ಎಷ್ಟು ಹೆಬ್ಬೆರಳಿನಷ್ಟು ಉದ್ದ ಇದೆ ನೋಡಿ, ಗುಣಿಸಬೇಕು. ಹಕ್ಕಿ ಗಣತಿ ಮಾಡುವವರೂ ದೊಡ್ಡ ಗುಂಪನ್ನು ಹೀಗೇ ಪಾಲು ಮಾಡಿ ಅಂದಾಜಿಸುತ್ತಾರೆ; ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಮಕ್ಕಳ ಒಂದು ಜೋಡಿ 700 ಎಂದರೆ ಇನ್ನೊಂದು ಜೋಡಿ 2,000 ಅನ್ನುತ್ತದೆ. ನಾನು ಯಾವುದನ್ನೂ ತಪ್ಪು ಅನ್ನುವುದಿಲ್ಲ, ಇಬ್ಬರನ್ನೂ ಎದುರುಬದುರು ಕೂರಿಸುತ್ತೇನೆ. ಒಬ್ಬರು ಹೆಬ್ಬೆರಳನ್ನು ಗುಂಪಿನ ಅಂಚಿನಲ್ಲಿ ಇಟ್ಟಿರುತ್ತಾರೆ, ಅಲ್ಲಿ ಹಕ್ಕಿ ವಿರಳ; ಇನ್ನೊಬ್ಬರು ನಟ್ಟನಡುವೆ ಇಟ್ಟಿರುತ್ತಾರೆ, ಅಲ್ಲಿ ಒತ್ತೊತ್ತು. "ಹಂಗಾದ್ರ ಮೂರ್ನಾಕ ಕಡೆ ಇಟ್ಟು ಸರಾಸರಿ ತಗೀಬೇಕ್ರಿ" ಎಂದು ಅವರೇ ಅನ್ನುತ್ತಾರೆ. ಸರಾಸರಿ ಯಾಕೆ ಬೇಕೆಂದು ಕಪ್ಪುಹಲಗೆಯ ಮೇಲೆ ಹೇಳುವಾಗ ಅವರ ಮುಖದಲ್ಲಿ ಈ ತುರ್ತು ನಾನು ಕಂಡಿಲ್ಲ.

ಬೈನಾಕ್ಯುಲರ್ ಮೊದಲೇ ಕೈಗೆ ಕೊಡುವುದಿಲ್ಲ. ಕೊಟ್ಟರೆ ಉಳಿದವರಿಗೆಲ್ಲ ಪಾಳಿ ಕಾಯುವುದೇ ಕೆಲಸವಾಗುತ್ತದೆ. ಎಣಿಕೆ ಮುಗಿದ ಮೇಲೆ ಅದಕ್ಕೊಂದು ಗುರಿ ಕೊಡುತ್ತೇನೆ: ಸಂಶೋಧಕರು ಗುರುತಿಗೆಂದು ಕುತ್ತಿಗೆಗೆ ಪಟ್ಟಿ ತೊಡಿಸಿದ ಹೆಬ್ಬಾತು ಹುಡುಕಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕಂಡಿವೆ. ನಮಗೆ ಇನ್ನೂ ಸಿಕ್ಕಿಲ್ಲ. ಸಿಗದಿರುವುದೇ ಒಳ್ಳೆಯದೇನೋ, ಹುಡುಕಾಟ ಬೇಗ ಮುಗಿಯುವುದಿಲ್ಲ. ಹಿಮಾಲಯದ ಮೇಲೆ ಉಸಿರು ಕಟ್ಟುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ರಕ್ತದಲ್ಲಿ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್ ಪಾಠ: ಇವುಗಳ ರಕ್ತ ತೆಳುಗಾಳಿಯಲ್ಲಿರುವ ಸ್ವಲ್ಪ ಆಮ್ಲಜನಕವನ್ನೂ ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಸೊಗಸೆಲ್ಲ ಹೀಗೆ ಸಾಗುತ್ತಿರುವಾಗ ಒಬ್ಬ ಹುಡುಗ ಅಂದ, "ಇವು ನಮ್ಮ ಹೊಲದಾಗ ಶೇಂಗಾ ತಿಂತಾವ್ರಿ. ನಮ್ಮಪ್ಪ ರಾತ್ರೆಲ್ಲ ಡಬ್ಬಿ ಬಡಕೋತ ಕುಂದರ್ತಾನ್ರಿ." ಪ್ರಕೃತಿ ಪ್ರೇಮದ ಭಾಷಣಕ್ಕೆ ಇದು ಅಡ್ಡಿ, ಪಾಠಕ್ಕೆ ಅಲ್ಲ. ಅವನಿಗೆ ಮಾತು ಬಿಟ್ಟುಕೊಟ್ಟೆ. ಎಷ್ಟು ಸಾಲು ಹಾಳಾಯಿತು, ಯಾವ ತಿಂಗಳು, ಅಪ್ಪ ಏನಂತಾನೆ. ಹಿಕ್ಕೆ ಬಿದ್ದ ಹೊಲಕ್ಕೆ ಗೊಬ್ಬರ ಆಗುತ್ತದೆ ಎಂದು ತನ್ನ ಅಜ್ಜ ಹೇಳಿದ್ದನ್ನು ಇನ್ನೊಬ್ಬಳು ಎದುರಿಟ್ಟಳು. ಜಗಳ ತೀರಲಿಲ್ಲ, ತೀರಿಸುವ ಅಧಿಕಾರ ನನಗೂ ಇಲ್ಲ. ಹಕ್ಕಿಯ ಖರ್ಚನ್ನು ಯಾರದೋ ಹೊಲ ಭರಿಸುತ್ತಿದೆ ಎಂಬುದು ಮಾತ್ರ ಎಲ್ಲರ ವಹಿಯಲ್ಲೂ ಬರೆದಾಯಿತು.

ವಹಿ ಅಂದೆ, ಪ್ರಬಂಧವಲ್ಲ. "ನಾನು ಕಂಡ ಪಕ್ಷಿಧಾಮ" ಎಂದು ಒಂದು ಪುಟ ಬರೆಸಿದರೆ ಎಲ್ಲರದ್ದೂ "ಬೆಳಿಗ್ಗೆ ಬೇಗ ಎದ್ದೆವು" ಎಂದೇ ಶುರುವಾಗುತ್ತದೆ. ಎರಡು ಅಂಕಣ ಸಾಕು: ಎಣಿಸಿದ್ದು, ಕೇಳಬೇಕಾದ್ದು. ಮೇಲಿನವರಿಗೆ ವರದಿ ಜೊತೆಗೆ ಫೋಟೊ ಬೇಕಾಗುತ್ತದೆ. ಬ್ಯಾನರ್ ಹಿಡಿದು ನಿಲ್ಲುವ ಆ ಶಾಸ್ತ್ರವನ್ನು ಶಾಲೆಯ ಅಂಗಳದಲ್ಲೇ ಮುಗಿಸಿ ಹೊರಡುವುದು ಉತ್ತಮ.

ಹೋಗಬೇಕೆನ್ನುವ ಶಿಕ್ಷಕರಿಗೆ ಇನ್ನಷ್ಟು ವಿವರ. ಬ್ಯಾಗ್ ಇಲ್ಲದ ಶನಿವಾರ ಅನುಕೂಲ. ಪಾಲಕರ ಒಪ್ಪಿಗೆ ಪತ್ರ, ಮುಖ್ಯೋಪಾಧ್ಯಾಯರ ಅನುಮತಿ, ಬಿಸಿಯೂಟದ ಅಡುಗೆಯವರಿಗೆ ಹಿಂದಿನ ದಿನವೇ ಸುದ್ದಿ. ಹೆಣ್ಣುಮಕ್ಕಳು ಶೌಚಾಲಯಕ್ಕೆ ಹೋಗಿ ಬಂದ ಮೇಲೇ ಟಂಟಂ ಗಾಡಿ ಹತ್ತಲಿ. ಮುಜುಗರಕ್ಕೆ ನೀರು ಕುಡಿಯದೆ ಕೂರುವ ಹುಡುಗಿಯರನ್ನು ನೋಡಿದ್ದೇನೆ. ಚುರುಮುರಿ ಡಬ್ಬಿಯಲ್ಲಿರಲಿ, ಸದ್ದು ಮಾಡುವ ಪ್ಲಾಸ್ಟಿಕ್ ಪೊಟ್ಟಣ ಬೇಡ. ಕೆರೆಯ ಅಂಚು ಕೆಸರು, ಜೋಡಿ ಬಿಟ್ಟು ಯಾರೂ ಏರಿ ಇಳಿಯಬಾರದು. ಡಿಸೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಮಾರ್ಚ್ ಪರೀಕ್ಷೆ ಮುಗಿಯಲಿ ಎಂದು ಕಾದರೆ ಹೆಬ್ಬಾತು ಹೊರಟುಬಿಟ್ಟಿರುತ್ತವೆ. ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ನೀರಿದೆಯೇ ಎಂದು ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿಕೊಂಡೇ ಗಾಡಿ ಗೊತ್ತುಮಾಡಿ.