ಅಂಕಿತ ಕಳೆದುಕೊಂಡ ಒಡಿಯಾ ಹಾಡು

ದಾಸರ ಪದಗಳನ್ನು ಕೇಳಿ ಬೆಳೆದವರಿಗೆ, ಕೊನೆಯ ಚರಣದಲ್ಲಿ ಅಂಕಿತ ಬರುವ ತನಕ ಹಾಡು ಮುಗಿದಂತೆ ಅನಿಸುವುದಿಲ್ಲ. ಒಡಿಯಾದಲ್ಲಿ ಅದನ್ನು ‘ಭಣಿತಾ’ ಎನ್ನುತ್ತಾರೆ. ಕಳೆದ ವಾರ ನಾನು ಕೇಳಿದ, ಭಕ್ತಕವಿ ಸಾಲಬೇಗನ ‘ಆಹೆ ನೀಳ ಶೈಳ’ ಜಣಾಣದ ರೀಮಿಕ್ಸ್ ಒಂದರಲ್ಲಿ ಭಣಿತೆಯ ಚರಣವನ್ನೇ ಕತ್ತರಿಸಿದ್ದರು.

ಜಣಾಣವೆಂದರೆ ದೇವರ ಮುಂದೆ ಸಲ್ಲಿಸುವ ಅಹವಾಲು. ಸಾಲಬೇಗ 17ನೆಯ ಶತಮಾನದವನು, ಮೊಗಲ್ ಅಧಿಕಾರಿಯೊಬ್ಬನ ಮಗ. ಪುರಿಯ ದೇವಾಲಯದೊಳಗೆ ಅವನಿಗೆ ಪ್ರವೇಶವಿರಲಿಲ್ಲವಾದ್ದರಿಂದ ಜಗನ್ನಾಥನೇ ರಥವೇರಿ ಹೊರಗೆ ಬರುವ ದಿನಕ್ಕಾಗಿ ಅವನು ಕಾಯಬೇಕಿತ್ತು. ಈ ಹಾಡಿನ ಮೊದಲ ಸಾಲಿನಲ್ಲಿ ಅವನು ದೇವರನ್ನು ಮದಿಸಿದ ಆನೆಯೆಂದು ಕರೆದು, ತನ್ನ ಸಂಕಟವೆಂಬ ತಾವರೆಯ ಬನವನ್ನು ತುಳಿದುಹಾಕೆಂದು ಬೇಡುತ್ತಾನೆ. ಮುಂದಿನ ಚರಣದಲ್ಲೇ ಅದೇ ದೇವರು ಮೊಸಳೆಯ ಬಾಯಿಂದ ಆನೆಯನ್ನು ಬಿಡಿಸುತ್ತಾನೆ. ಆನೆಯ ಚಿತ್ರ ಹೀಗೆ ತಿರುವುಮುರುವಾಗುವುದನ್ನು ಎಷ್ಟು ಸಲ ಕೇಳಿದರೂ ನನಗೆ ಬೇಸರವಿಲ್ಲ. ದ್ರೌಪದಿ, ಪ್ರಹ್ಲಾದರೆಲ್ಲ ಬಂದುಹೋದ ಮೇಲೆ, ಕಟ್ಟಕಡೆಗೆ, ‘ನಾನು ಹೀನ ಜಾತಿಯ ಯವನ (ಮುಸ್ಲಿಂ)’ ಎಂದು ಸಾಲಬೇಗ ತನ್ನ ಹೆಸರು ಹೇಳಿಕೊಳ್ಳುತ್ತಾನೆ. ಅಹವಾಲು ಯಾರದೆಂದು ತಿಳಿಯುವುದೇ ಅಲ್ಲಿ. ಅದನ್ನು ತೆಗೆದರೆ ಉಳಿಯುವುದು ಬರಿಯ ಸ್ತೋತ್ರ. ಪುರಿಯ ರಥಬೀದಿಯಾದ ಬಡದಾಂಡದಲ್ಲಿ ಇಂದಿಗೂ ಜಗನ್ನಾಥನ ರಥ ಸಾಲಬೇಗನ ಸಮಾಧಿಯ ಬಳಿ ನಿಂತು ಮುಂದೆ ಸಾಗುತ್ತದೆ.

‘ಗೀತಗೋವಿಂದ’ದ ಕವಿ ಜಯದೇವನೂ ಅದರ ಅಷ್ಟಪದಿಗಳಲ್ಲಿ ತನ್ನ ಹೆಸರನ್ನು ನೇಯ್ದವನೇ. ಜಗನ್ನಾಥನ ಭೋಗದ, ಅಂದರೆ ನೈವೇದ್ಯದ, ವೇಳೆ ಹಾಡುವವರೂ ನರ್ತಿಸುವವರೂ ‘ಗೀತಗೋವಿಂದ’ವನ್ನು ಬಿಟ್ಟು ಬೇರೆ ಹಾಡನ್ನು ಕಲಿಯಬಾರದೆಂದು ಒಡಿಶಾದ ಗಜಪತಿ ಅರಸ ಪ್ರತಾಪರುದ್ರ ದೇವ 1499ರಲ್ಲಿ ಶಾಸನ ಬರೆಸಿದ್ದಾನೆ. ಅರಸನ ಕಟ್ಟಪ್ಪಣೆ ಹಾಗಿದ್ದರೂ ಛಾಂದ, ಚಂಪು, ಚೌತಿಶಾಗಳೆಂಬ ಒಡಿಯಾ ಹಾಡಿನ ಪ್ರಕಾರಗಳು ನಾಡಿನ ತುಂಬ ಬೆಳೆದವು.

ನಾನು ರೀಮಿಕ್ಸ್ ವಿರೋಧಿಯಲ್ಲ. ಮರ್ದಳದ ಜಾಗಕ್ಕೆ ಡ್ರಮ್ ಬಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ತಾನೇ ಬರೆದು, ರಾಗ ಹಾಕಿ, ಹಾಡುತ್ತಿದ್ದ ಒಡಿಯಾ ಗಾಯಕ ಅಕ್ಷಯ ಮೊಹಾಂತಿ ಪರಂಪರೆಯನ್ನೂ ಸಿನಿಮಾ ಹಾಡನ್ನೂ ಒಂದೇ ಕಂಠದಲ್ಲಿ ಸಲೀಸಾಗಿ ನಿಭಾಯಿಸಿದವರು. ನನ್ನ ತಕರಾರು ಹೆಸರು ಅಳಿಸಿಹೋಗುವುದರ ಬಗ್ಗೆ ಮಾತ್ರ.

ಪಶ್ಚಿಮ ಒಡಿಶಾದ ಸಂಬಲಪುರಿ ಭಾಷೆಯ ‘ರಂಗಬತಿ’ ಹಾಡಿನ ಕತೆಯೂ ಇದೇ ದಾರಿಯದು. 1970ರ ದಶಕದಲ್ಲಿ ಸಂಬಲಪುರ ಆಕಾಶವಾಣಿಯಿಂದ ಹೊರಟು, ಮುಂದೆ ಗ್ರಾಮಫೋನ್ ತಟ್ಟೆಯಾಗಿ ಮದುವೆ ಮೆರವಣಿಗೆಗಳನ್ನೆಲ್ಲ ಕುಣಿಸಿದ ಈ ಹಾಡನ್ನು ಬರೆದವರು ಮಿತ್ರಭಾನು ಗೌಂತಿಯಾ, ಸಂಗೀತ ಪ್ರಭುದತ್ತ ಪ್ರಧಾನರದು, ಹಾಡಿದವರು ಜಿತೇಂದ್ರ ಹರಿಪಾಲ್ ಮತ್ತು ಕೃಷ್ಣಾ ಪಟೇಲ್. 2015ರಲ್ಲಿ ‘ಕೋಕ್ ಸ್ಟುಡಿಯೋ’ ಎಂಬ ಟಿವಿ ಸಂಗೀತ ಕಾರ್ಯಕ್ರಮದಲ್ಲಿ ಸೋನಾ ಮೊಹಾಪಾತ್ರ ಮತ್ತು ಋತುರಾಜ್ ಮೊಹಾಂತಿ ಇದನ್ನು ಹೊಸದಾಗಿ ಹಾಡಿದಾಗ, ತಮ್ಮ ಅನುಮತಿ ಕೇಳಲಿಲ್ಲವೆಂದು ಮೂಲ ರಚನೆಕಾರರು ಆಕ್ಷೇಪವೆತ್ತಿದರು. ಆ ಹೊಸ ರೂಪ ನನಗೆ ಇಷ್ಟವೇ, ಆದರೆ ಆಕ್ಷೇಪವೂ ನ್ಯಾಯವೆನಿಸಿತು. ಆಕಾಶವಾಣಿಯ ಹಾಡಿಗೆ ಭಣಿತೆಯಿರುವುದಿಲ್ಲ; ಉದ್ಘೋಷಕರು ಹೇಳುವ ಹೆಸರುಗಳೇ ಅದರ ಭಣಿತೆ.

ಈಚೆಗೆ ದೇಶವೆಲ್ಲ ರೀಲ್ಸ್‌ನಲ್ಲಿ ಕುಣಿದ ‘ಛಿ ಛಿ ಛಿ ರೇ ನನಿ’ಯೂ ಒಡಿಶಾದ, ದಶಕಗಳಷ್ಟು ಹಳೆಯ ಹಾಡು. ಅದನ್ನು ನನಗೆ ಕಳಿಸಿದ ಐದಾರು ಮಂದಿಯನ್ನು ಹಾಡಿದವರು ಯಾರೆಂದು ಕೇಳಿದೆ. ಸತ್ಯನಾರಾಯಣ ಅಧಿಕಾರಿಯವರ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ.