ಹಡಗಿನ ಗಡಿಯಾರವನ್ನೇ ನಂಬಿ

ಕೆರಿಬಿಯನ್ ಸಮುದ್ರದ ಸೇಂಟ್ ಮಾರ್ಟಿನ್ ದ್ವೀಪದ ಮಾಹೋ ಕಡಲತೀರದಲ್ಲಿ ನಿಂತರೆ ವಿಮಾನಗಳು ತಲೆ ಸವರುವಷ್ಟು ಕೆಳಗೆ ಹಾರಿ, ರಸ್ತೆಯಾಚೆಯ ರನ್‌ವೇಯಲ್ಲಿ ಇಳಿಯುತ್ತವೆ. ಪ್ರವಾಸಿ ಹಡಗಿನಿಂದ ಇಳಿದು ಬಂದಿದ್ದ ನಮ್ಮ ಮಕ್ಕಳು ‘ಇನ್ನೊಂದು, ಇನ್ನೊಂದು’ ಎಂದು ಕುಣಿಯುತ್ತಿದ್ದರು. ‘ಮೂರು ಗಂಟೆಯೂ ಆಗಿಲ್ಲ, ನೋಡಲಿ ಬಿಡಿ’ ಎಂದು ಗೆಳೆಯರೊಬ್ಬರು ಮೊಬೈಲ್ ತೋರಿಸಿದರು. ನನ್ನ ಕೈಗಡಿಯಾರದಲ್ಲಿ ಮೂರೂಮುಕ್ಕಾಲು. ಹಡಗಿನಲ್ಲಿ ಹಿಂದಿನ ರಾತ್ರಿಯೇ ಸಮಯವನ್ನು ಒಂದು ಗಂಟೆ ಮುಂದಕ್ಕೆ ಹಾಕಿದ್ದರು. ಏರೋಪ್ಲೇನ್ ಮೋಡ್‌ನಲ್ಲಿದ್ದ ಮೊಬೈಲ್ ಇನ್ನೂ ನಾವು ಹಡಗು ಹತ್ತಿದ್ದ ಮಯಾಮಿಯ ಸಮಯವನ್ನೇ ಹಿಡಿದುಕೊಂಡಿತ್ತು. ನಾಲ್ಕೂವರೆಯೊಳಗೆ ಎಲ್ಲರೂ ಹಡಗು ಸೇರಬೇಕಿತ್ತು. ಟ್ಯಾಕ್ಸಿ ಹತ್ತಿ ಹೊರಟರೆ ಸಿಂಪ್ಸನ್ ಬೇ ಸೇತುವೆ ದೋಣಿಗಳಿಗೆ ದಾರಿ ಬಿಡಲು ಮೇಲೆದ್ದಿತ್ತು. ಮುಂದೆ ವಾಹನಗಳ ಸಾಲು, ಹಿಂದೆಯೂ ಸಾಲು. ಫಿಲಿಪ್ಸ್‌ಬರ್ಗ್ ಬಂದರಿನಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡಿ ಹಡಗು ಹತ್ತಿದಾಗ ಉಳಿದಿದ್ದದ್ದು ಮೂರು ನಿಮಿಷ.

ಆದ್ದರಿಂದ ಕೆರಿಬಿಯನ್‌ಗೆ ಹೊರಡುವ ಎಲ್ಲರಿಗೂ ನನ್ನ ಮೊದಲ ಮಾತು ಇದು. ಒಂದು ಸಾದಾ ಕೈಗಡಿಯಾರ ಕಟ್ಟಿಕೊಳ್ಳಿ, ಹಡಗಿನ ಸಮಯಕ್ಕೆ ಹೊಂದಿಸಿಕೊಳ್ಳಿ, ಕೊಟ್ಟ ಗಡುವಿಗಿಂತ ಒಂದೂವರೆ ಗಂಟೆ ಮುಂಚೆಯೇ ಬಂದರಿಗೆ ಹಿಂತಿರುಗಿ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ನಾವಾಗಿ ಹಿಡಿದ ಟ್ಯಾಕ್ಸಿಗೆ ಕಾಯುವುದಿಲ್ಲ. ಬಂದರಿನಿಂದ ದೂರದ ಸ್ಥಳಕ್ಕೆ ಹೋಗುವುದಾದರೆ ಹಡಗಿನವರ ಪ್ರವಾಸಕ್ಕೆ ಹೆಚ್ಚು ಹಣ ಕೊಡುವುದೇ ಲೇಸು. ಮಾಹೋದಲ್ಲಿ ಇನ್ನೊಂದು ಎಚ್ಚರಿಕೆ. ವಿಮಾನ ಮೇಲೇರುವಾಗ ಅದರ ಎಂಜಿನ್ ಗಾಳಿಗೆ ಮೈಯೊಡ್ಡಲು ಕೆಲವರು ಬೇಲಿ ಹಿಡಿದು ನಿಲ್ಲುತ್ತಾರೆ. 2017ರಲ್ಲಿ ಹಾಗೆ ನಿಂತಿದ್ದ ಪ್ರವಾಸಿ ಮಹಿಳೆಯೊಬ್ಬರು ಸತ್ತೇ ಹೋದರು. ಮಕ್ಕಳನ್ನು ಆ ಬೇಲಿಯ ಹತ್ತಿರಕ್ಕೂ ಬಿಡಬೇಡಿ.

ಅಟ್ಲಾಂಟಾದ ನಾವು ನಾಲ್ಕು ಕುಟುಂಬಗಳು ಫೆಬ್ರವರಿಯಲ್ಲಿ ಹೊರಟೆವು. ಮಯಾಮಿಯಿಂದ ಮಯಾಮಿಗೆ ಎಂಟು ರಾತ್ರಿ, ನಡುವೆ ಸೇಂಟ್ ಮಾರ್ಟಿನ್, ಸೇಂಟ್ ಥಾಮಸ್ ಮತ್ತು ಪೋರ್ಟೊ ರಿಕೊದ ಸಾನ್ ಹುವಾನ್. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ. ಟಿಕೆಟ್ ಅಗ್ಗವಾಗಿರುತ್ತದೆ, ಆದರೆ ಬಂದರುಗಳು ಕೊನೆಯ ಗಳಿಗೆಯಲ್ಲಿ ಬದಲಾಗುತ್ತವೆ. ಹಡಗು ಹೊರಡುವ ಹಿಂದಿನ ದಿನವೇ ಮಯಾಮಿ ತಲುಪಿ. ವಿಮಾನ ತಡವಾದರೆ ಇಡೀ ಪ್ರವಾಸವೇ ಕೈತಪ್ಪುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ಅಂದಾಜು ಬೇಡ. ಅಮೆರಿಕದ ನಾಗರಿಕರು ಇಂಥ ಪ್ರವಾಸಕ್ಕೆ ಜನನ ಪ್ರಮಾಣಪತ್ರ ಮತ್ತು ಗುರುತಿನ ಚೀಟಿಯ ಮೇಲೆ ಹೋಗಿಬರಬಹುದು; ಭಾರತದ ಪಾಸ್‌ಪೋರ್ಟ್ ಇರುವ ನಮಗೆ ಆ ಸೌಲಭ್ಯವಿಲ್ಲ. ಹಡಗು ದಡ ಬಿಟ್ಟರೆ ದೇಶ ಬಿಟ್ಟಂತೆಯೇ ಲೆಕ್ಕ. ಉದ್ಯೋಗ ವೀಸಾದಲ್ಲಿರುವವರ ಪಾಸ್‌ಪೋರ್ಟಿನ ವೀಸಾ ಮುದ್ರೆ ಅವಧಿ ಮೀರಿದ್ದರೆ, ವಲಸೆ ಇಲಾಖೆಯ ಅನುಮತಿ ಪತ್ರವೊಂದನ್ನೇ ನಂಬಿ ಹೊರಡಬೇಡಿ. ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನು ಕರೆದೊಯ್ಯುವುದಾದರೆ ಅವರ ವೀಸಾ ಬಹುಪ್ರವೇಶದ್ದೇ ಎಂದು ನೋಡಿಕೊಳ್ಳಿ.

ಸಸ್ಯಾಹಾರಿಗಳು ಊಟಕ್ಕೆ ಹೆದರಬೇಕಾಗಿಲ್ಲ. ಟಿಕೆಟ್ ಕಾಯ್ದಿರಿಸುವಾಗಲೇ ತಿಳಿಸಿ, ಮೊದಲ ರಾತ್ರಿ ಊಟದ ಮನೆಯ ಮೇಲ್ವಿಚಾರಕರಿಗೆ ಇನ್ನೊಮ್ಮೆ ಹೇಳಿ. ನಮ್ಮ ಮೇಜಿಗೆ ಬಡಿಸಲು ಬಂದ ಹುಡುಗ ಕುಂದಾಪುರದವನು! ನಮ್ಮ ಮಾತು ಕಿವಿಗೆ ಬಿದ್ದೊಡನೆ ಅವನ ಮುಖ ಅರಳಿತು. ‘ನಾಳೆ ರಾತ್ರಿ ಏನು ಬೇಕೆಂದು ಇವತ್ತೇ ಹೇಳಿಬಿಡಿ ಅಕ್ಕ, ಅಡುಗೆಮನೆಗೆ ತಿಳಿಸಿಡುತ್ತೇನೆ’ ಎಂದ. ಮರುದಿನದಿಂದ ಬೇಳೆ, ಪಲ್ಯ, ಬಿಸಿ ಅನ್ನ ತಪ್ಪಲಿಲ್ಲ. ಮನೆಗೆ ಹೋಗಿ ಏಳು ತಿಂಗಳಾಯಿತು ಎಂದು ಅವನು ಹೇಳಿದಾಗ ನಮ್ಮ ಗೆಳತಿಯ ಕಣ್ಣು ತುಂಬಿತು. ತಲೆಗೊಂದಕ್ಕೆ ದಿನಕ್ಕೆ 16ರಿಂದ 20 ಡಾಲರ್ ಸೇವಾಭಕ್ಷೀಸು ತಾನಾಗಿ ಬಿಲ್ಲಿಗೆ ಸೇರುತ್ತದೆ. ನಾಲ್ವರ ಕುಟುಂಬಕ್ಕೆ ಅದೇ 500 ಡಾಲರ್ ದಾಟುತ್ತದೆ, ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಿ. ಅದನ್ನು ತೆಗೆಸಿಹಾಕಲು ಸಾಲಿನಲ್ಲಿ ನಿಲ್ಲುವವರನ್ನು ಕಂಡು ನನಗೆ ಬೇಸರವಾಯಿತು.

ಸಮುದ್ರದ ಓಲಾಟ ಒಗ್ಗದವರು ಕೆಳಗಿನ ಮಹಡಿಯಲ್ಲಿ, ಹಡಗಿನ ನಡುಭಾಗದಲ್ಲಿ ಕೋಣೆ ಕೇಳಿ ಪಡೆಯಿರಿ. ದೊಡ್ಡ ಪೆಟ್ಟಿಗೆಗಳು ಕೋಣೆಗೆ ಬರುವಾಗ ಮೊದಲ ದಿನ ಸಂಜೆಯಾಗಬಹುದು. ಔಷಧಿ ಮತ್ತು ಈಜುಡುಗೆ ಕೈಚೀಲದಲ್ಲಿರಲಿ. ವಿದ್ಯುತ್ ಕೆಟಲ್, ಇಸ್ತ್ರಿಪೆಟ್ಟಿಗೆಗಳನ್ನು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ.

ಮೂರು ಬಂದರುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಸೇಂಟ್ ಥಾಮಸ್. 1917ರಲ್ಲಿ ಅಮೆರಿಕ ಇದನ್ನೂ ನೆರೆಯ ದ್ವೀಪಗಳನ್ನೂ ಡೆನ್ಮಾರ್ಕ್‌ನಿಂದ ಎರಡೂವರೆ ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಮೆರಿಕದ ನೆಲವಾದರೂ ವಾಹನಗಳು ನಮ್ಮ ಊರಿನಂತೆ ರಸ್ತೆಯ ಎಡಬದಿಯಲ್ಲಿ ಓಡುತ್ತವೆ. ಮೇಗನ್ಸ್ ಬೇ ಕೊಳದಷ್ಟು ಶಾಂತ, ಚಿಕ್ಕ ಮಕ್ಕಳಿಗೆ ಹೇಳಿ ಮಾಡಿಸಿದ ನೀರು. ಹವಳದಿಬ್ಬಗಳನ್ನು ಉಳಿಸಲು 2020ರಿಂದ ಇಲ್ಲಿ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರೈಲೀನ್ ಇರುವ ಸನ್‌ಸ್ಕ್ರೀನ್‌ಗಳನ್ನು ನಿಷೇಧಿಸಿದ್ದಾರೆ. ಜಿಂಕ್ ಆಕ್ಸೈಡ್‌ನದನ್ನು ಮನೆಯಿಂದಲೇ ಒಯ್ಯಿರಿ. ಈ ದ್ವೀಪಗಳ ತೀರದಲ್ಲಿ ಮ್ಯಾಂಚಿನೀಲ್ ಎಂಬ ಮರವಿದೆ. ಹಸಿರು ಸೇಬಿನಂಥ ಅದರ ಹಣ್ಣು ವಿಷ, ಹಾಲು ತಗುಲಿದರೆ ಚರ್ಮ ಬೊಕ್ಕೆಯೇಳುತ್ತದೆ. ಮಳೆ ಬಂದಾಗ ಅದರ ಕೆಳಗೆ ನಿಲ್ಲುವುದೂ ಅಪಾಯ. ನೆಲಕ್ಕೆ ಬಿದ್ದ ಯಾವ ಹಣ್ಣನ್ನೂ ಮುಟ್ಟಬಾರದೆಂದು ಮಕ್ಕಳಿಗೆ ಹಡಗಿನಲ್ಲೇ ಹೇಳಿಟ್ಟೆವು.

ಸಾನ್ ಹುವಾನ್‌ನಲ್ಲಿ ಟ್ಯಾಕ್ಸಿಯೇ ಬೇಡ. ಹಳೆಯ ಊರಿನ ಹಡಗುಕಟ್ಟೆಯಲ್ಲಿ ಇಳಿದು ನೀಲಿ ಛಾಯೆಯ ಕಲ್ಲು ಹಾಸಿದ ಬೀದಿಗಳಲ್ಲಿ ನಡೆದರೆ, ಸ್ಪೇನ್‌ನವರು 16ನೆಯ ಶತಮಾನದಲ್ಲಿ ಕಟ್ಟಲಾರಂಭಿಸಿದ ಎಲ್ ಮೊರೊ ಕೋಟೆ ಸಿಗುತ್ತದೆ. ಏರುದಾರಿಯಿದೆ, ಗಟ್ಟಿ ಚಪ್ಪಲಿ ಬೇಕು.

ಗೆಳೆಯರೊಡನೆ ಹೋಗುವವರು ಇದನ್ನು ಮೊದಲೇ ಮಾತಾಡಿಕೊಳ್ಳಿ: ಹಗಲು ಅವರವರ ಇಷ್ಟ, ರಾತ್ರಿ ಊಟ ಮಾತ್ರ ಜೊತೆಯಲ್ಲಿ. ಎಲ್ಲರ ಟಿಕೆಟ್‌ಗಳನ್ನು ಒಂದಕ್ಕೊಂದು ಜೋಡಿಸಲು ಮುಂಚೆಯೇ ಕೇಳಿದರೆ ಪ್ರತಿರಾತ್ರಿ ಒಂದೇ ಮೇಜು ಸಿಗುತ್ತದೆ. ಯಾರು ಈಜಿದರು, ಯಾರು ನಿದ್ದೆ ಮಾಡಿದರು ಎಂಬ ಮಾತೆಲ್ಲ ಅಲ್ಲಿಯೇ ನಡೆಯುತ್ತಿತ್ತು. ಕೊನೆಯ ರಾತ್ರಿ ಕುಂದಾಪುರದ ಹುಡುಗ ಕೇಳದೆಯೇ ಒಂದು ಬಟ್ಟಲು ಮಾವಿನ ಉಪ್ಪಿನಕಾಯಿ ತಂದಿಟ್ಟ. ಮನೆಯಿಂದ ತಾನೇ ತಂದುಕೊಂಡದ್ದಂತೆ.